ದುಡ್ಡು ಕೊಡದವನಿಗೆ ಮಾತಾಡೋ ಹಕ್ಕಿದೆಯಾ?

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ಆನ್‌ಲೈನ್‌ನಲ್ಲಿ ಆಡುವ ಒಂದು ಆಟ ಇದೆ ಅಂದುಕೊಳ್ಳಿ. ಕೆಲವರು ತಿಂಗಳು ತಿಂಗಳು ದುಡ್ಡು ಕಟ್ಟಿ ಆಡ್ತಾರೆ, ಉಳಿದವರು ಪುಕ್ಕಟೆ ಆಡ್ತಾರೆ. ಪುಕ್ಕಟೆ ಆಡುವವರು ಕದ್ದು ನುಗ್ಗಿದವರಲ್ಲ. ಕಂಪನಿಯೇ ಬಾಗಿಲು ತೆರೆದಿಟ್ಟು "ಬನ್ನಿ, ಆಡಿ" ಅಂತ ಕರೆದಿದೆ. ಆಟದ ಜೊತೆಗೆ ಒಂದು ಫೋರಂ ಕೂಡ ಇದೆ. ಆಡುವವರೆಲ್ಲ ಸೇರಿ ಆಟದ ಒಳ್ಳೇದು ಕೆಟ್ಟದ್ದು ಮಾತಾಡುವ, ಕಂಪನಿಯವರೂ ಆಗಾಗ ಬಂದು ಕಿವಿಗೊಡುವ ಜಾಗ ಅದು. ನಮ್ಮೂರಿನ ಭಾಷೆಯಲ್ಲಿ ಹೇಳೋದಾದ್ರೆ ಅರಳಿಕಟ್ಟೆ. ಪ್ರಶ್ನೆ ಇಷ್ಟೇ: ಆ ಕಟ್ಟೆ ಮೇಲೆ ಪುಕ್ಕಟೆ ಆಡುವವನೂ ಕೂತು ಮಾತಾಡಬಹುದಾ, ಅಥವಾ ದುಡ್ಡು ಕಟ್ಟಿದವರಿಗೆ ಮಾತ್ರ ಅದು ಮೀಸಲಾ?

ಆಟಗಳ ಗೋಜಿಗೇ ಹೋಗದವರಿಗೆ ಇದು ಮಕ್ಕಳ ಜಗಳದ ಹಾಗೆ ಕಾಣಬಹುದು. ಸ್ವಲ್ಪ ತಾಳ್ಮೆ ಇರಲಿ. "ದುಡ್ಡು ಕೊಡೋದು ನಾವು, ಮಾತಾಡೋದು ಅವರು" ಅನ್ನೋ ಮಾತು ನೀವೂ ಕೇಳಿರ್ತೀರ, ಗೇಮ್ ಆಡದ ಜಾಗಗಳಲ್ಲೂ ಕೇಳಿರ್ತೀರ. ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಬಾಡಿಗೆಯವರ ಬಗ್ಗೆ ಕೇಳಿರ್ತೀರ. ಆಫೀಸಿನಲ್ಲಿ ಊಟದ ಹೊತ್ತಿಗೆ, ಬಜೆಟ್ ಬಂದ ಮಾರನೇ ದಿನ, ಇನ್‌ಕಮ್ ಟ್ಯಾಕ್ಸ್ ಕಟ್ಟದವರ ಬಗ್ಗೆ ಕೇಳಿರ್ತೀರ. ಪ್ರಶ್ನೆ ಒಂದೇ, ಜಾಗ ಬೇರೆ ಬೇರೆ. ಗೇಮಿನಲ್ಲಿ ಅದು ಚೊಕ್ಕವಾಗಿ ಕಾಣತ್ತೆ, ಯಾಕಂದ್ರೆ ಅಲ್ಲಿ ಯಾರು ಎಷ್ಟು ಕೊಟ್ರು ಅನ್ನೋದು ಡೇಟಾಬೇಸಿನಲ್ಲೇ ಬರೆದಿರತ್ತೆ.

ಮೊದಲು ಈಗ ಏನಿದೆ ನೋಡೋಣ.

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' 2004ರ ನವೆಂಬರಿನಲ್ಲಿ ಬಂತು. ಅಮೆರಿಕದಲ್ಲಿ ತಿಂಗಳಿಗೆ ಸುಮಾರು 15 ಡಾಲರ್ ಚಂದಾ. 2011ರಲ್ಲಿ ಅವರು ಪುಕ್ಕಟೆಯ ಒಂದು 'ಸ್ಟಾರ್ಟರ್ ಎಡಿಶನ್' ಕೊಟ್ಟರು. 20ನೇ ಲೆವೆಲ್ ತನಕ ಆಡಬಹುದು, ಆದರೆ ಗಿಲ್ಡ್ ಸೇರೋ ಹಾಗಿಲ್ಲ, ಹರಾಜು ಕಟ್ಟೆಗೆ ಹೋಗೋ ಹಾಗಿಲ್ಲ, ಎಲ್ಲರಿಗೂ ಕೇಳೋ ಹಾಗೆ ಚಾಟ್ ಮಾಡೋ ಹಾಗಿಲ್ಲ, ಫೋರಮ್ಮಿನಲ್ಲಿ ಬರೆಯೋ ಹಾಗಿಲ್ಲ. ಚಂದಾ ನಿಲ್ಲಿಸಿದ ಹಳೇ ಆಟಗಾರನಿಗೂ ಫೋರಂ ಮುಚ್ಚಿದ ಬಾಗಿಲೇ. ಓದಬಹುದು, ಬರೆಯೋಕಾಗಲ್ಲ.

'ಟೀಮ್ ಫೋರ್ಟ್ರೆಸ್ 2' ಮೊದಲು ದುಡ್ಡು ಕೊಟ್ಟು ಕೊಳ್ಳಬೇಕಾದ ಆಟವಾಗಿತ್ತು. 2011ರ ಜೂನಿನಲ್ಲಿ ಪುಕ್ಕಟೆ ಆಯ್ತು. ಅದಕ್ಕೂ ಮುಂಚೆ ಕೊಂಡಿದ್ದವರಿಗೆ ಕಂಪನಿ ಆಟದೊಳಗೆ ಹಾಕಿಕೊಳ್ಳೋಕೆ ಒಂದು ಟೋಪಿ ಕೊಟ್ಟಿತು. ಹೆಸರು 'ಪ್ರೂಫ್ ಆಫ್ ಪರ್ಚೇಸ್', ಅಂದ್ರೆ ಕೊಂಡಿದ್ದಕ್ಕೆ ರಸೀದಿ. ನನಗೆ ಇದು ಬಹಳ ಇಷ್ಟವಾದ ಉಪಾಯ. ಆದರೆ ಮುಂದೆ ಬಾಟ್‌ಗಳ ಕಾಟ ಎಷ್ಟಾಯ್ತು ಅಂದ್ರೆ, 2020ರಲ್ಲಿ ಹೊಸ ಪುಕ್ಕಟೆ ಅಕೌಂಟುಗಳ ಚಾಟನ್ನೇ ಬಂದ್ ಮಾಡಿದರು. ತಂಡವಾಗಿ ಆಡುವ ಆಟದಲ್ಲಿ ತಂಡದ ಜೊತೆ ಮಾತಾಡೋ ಹಾಗಿರಲಿಲ್ಲ.

'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ಇನ್ನೂ ಕುತೂಹಲದ ಕೇಸು. ಅಲ್ಲಿ ಆಟಕ್ಕೆ ಏನಾದ್ರೂ ದೊಡ್ಡ ಬದಲಾವಣೆ ಸೇರಿಸಬೇಕಾದರೆ ಆಟಗಾರರ ಮತ ಕೇಳ್ತಾರೆ. ಶುರುವಿನಲ್ಲಿ ನೂರಕ್ಕೆ 75 ಮತ ಬಿದ್ದರೆ ಮಾತ್ರ ಪಾಸು, ಆಮೇಲೆ ಅದನ್ನ 70ಕ್ಕೆ ಇಳಿಸಿದರು. 2013ರಲ್ಲಿ ಚಂದಾದಾರರಿಗಷ್ಟೇ ಅಂತ ಶುರುವಾದ ಆಟ, 2015ರಲ್ಲಿ ಪುಕ್ಕಟೆ ಆಡುವವರಿಗೂ ತೆರೆಯಿತು. ಮತ ಹಾಕೋ ಹಕ್ಕು ಮಾತ್ರ ಚಂದಾದಾರರಿಗೇ.

ಇನ್ನೊಂದು ತುದಿಯಲ್ಲಿ ಲಿಚೆಸ್ ಇದೆ. ಚೆಸ್ ಆಡುವ ತಾಣ, ದಾನದ ಹಣದಲ್ಲಿ ನಡೆಯತ್ತೆ. ಜಾಹೀರಾತು ಇಲ್ಲ, ದುಡ್ಡು ಕೊಟ್ಟವರಿಗೆ ಅಂತ ಬೇರೆ ಫೀಚರ್ ಇಲ್ಲ. ದುಡ್ಡು ಕೊಟ್ಟವರ ಹೆಸರಿನ ಪಕ್ಕ ರೆಕ್ಕೆಯ ಒಂದು ಸಣ್ಣ ಚಿಹ್ನೆ ಬರತ್ತೆ, ಅಷ್ಟೇ.

ಈಗ ಬಾಗಿಲು ಹಾಕಬೇಕು ಅನ್ನೋರ ಮಾತು ಕೇಳೋಣ. ಅವರು ಜಿಪುಣರು, ದುರಹಂಕಾರಿಗಳು ಅಂತ ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ. ಅವರ ವಾದದಲ್ಲಿ ಮೂರು ಗಟ್ಟಿ ಅಂಶಗಳಿವೆ.

ಒಂದು, ಖರ್ಚು. ಫೋರಂ ಅಂದ್ರೆ ಸರ್ವರ್ ಖರ್ಚು ಮಾತ್ರ ಅಲ್ಲ. ಅದು ಸಸ್ತಾ. ಕಸ ಗುಡಿಸುವ ಮನುಷ್ಯರ ಖರ್ಚು ಜಾಸ್ತಿ. ಬೈಗುಳ ಅಳಿಸಬೇಕು, ಸ್ಪ್ಯಾಮ್ ಅಳಿಸಬೇಕು, ಜಗಳ ಬಿಡಿಸಬೇಕು. ಆ ಕೆಲಸ ಮಾಡೋರ ಸಂಬಳ ದುಡ್ಡು ಕಟ್ಟಿದವರ ಜೇಬಿಂದ ಬರತ್ತೆ.

ಎರಡು, ಠೇವಣಿ. ದುಡ್ಡು ಕಟ್ಟಿದವನಿಗೆ ಕಳಕೊಳ್ಳೋಕೆ ಏನೋ ಇರತ್ತೆ. ಹುಚ್ಚಾಪಟ್ಟೆ ಮಾತಾಡಿ ಬ್ಯಾನ್ ಆದ್ರೆ ಅಕೌಂಟು ಹೋಗತ್ತೆ, ದುಡ್ಡೂ ಹೋಗತ್ತೆ. ಪುಕ್ಕಟೆಯವನು ಬ್ಯಾನ್ ಆದ ಐದು ನಿಮಿಷಕ್ಕೆ ಇನ್ನೊಂದು ಇಮೇಲ್ ಹಾಕಿ ಹೊಸ ಹೆಸರಲ್ಲಿ ಬಂದು ಅದೇ ಜಗಳ ಮುಂದುವರಿಸ್ತಾನೆ. ಸ್ಟೀಮ್‌ನವರು ಇದೇ ಕಾರಣಕ್ಕೆ 2015ರಲ್ಲಿ ಒಂದು ನಿಯಮ ತಂದರು. ಕನಿಷ್ಠ 5 ಡಾಲರ್ ಖರ್ಚು ಮಾಡದ ಅಕೌಂಟುಗಳು ಹೊಸಬರಿಗೆ ಫ್ರೆಂಡ್ ರಿಕ್ವೆಸ್ಟ್ ಕಳಿಸೋ ಹಾಗಿಲ್ಲ, ವಿಮರ್ಶೆಗಳಿಗೆ ಮತ ಹಾಕೋ ಹಾಗಿಲ್ಲ. ಮೋಸಗಾರರು ಸಾವಿರಾರು ಅಕೌಂಟು ಮಾಡ್ತಾರೆ, ಪ್ರತಿಯೊಂದಕ್ಕೂ 5 ಡಾಲರ್ ಹಾಕಲಾರರು ಅನ್ನೋದು ಲೆಕ್ಕ.

ಮೂರು, ಬದ್ಧತೆ. ದುಡ್ಡು ಹಾಕಿದವನು ಆ ಆಟ ಉಳೀಬೇಕು, ಬೆಳೀಬೇಕು ಅಂತ ಬಯಸ್ತಾನೆ. ಪುಕ್ಕಟೆ ಬಂದವನು ನಾಳೆ ಇನ್ನೊಂದು ಆಟಕ್ಕೆ ಹೋಗ್ತಾನೆ. ಇಬ್ಬರ ಮಾತಿಗೂ ಒಂದೇ ತೂಕ ಯಾಕೆ?

ಮೂರನ್ನೂ ಗಂಭೀರವಾಗಿ ತಗೊಂಡೇ ಉತ್ತರ ಹುಡುಕಬೇಕು. ಅದಕ್ಕೂ ಮುಂಚೆ ಅವರೆಲ್ಲ ಒಪ್ಪಿಕೊಂಡೇ ಶುರು ಮಾಡುವ ಒಂದು ವಿಷಯ ಪರೀಕ್ಷೆ ಮಾಡಬೇಕು: ಪುಕ್ಕಟೆ ಆಡುವವನು ನಿಜವಾಗಿಯೂ ಏನೂ ಕೊಡ್ತಾ ಇಲ್ವಾ?

ನಮ್ಮ ಹುಡುಗರು ಆಡೋ ಬಿಜಿಎಂಐ ತಗೊಳ್ಳಿ. ಒಂದು ಮ್ಯಾಚಿಗೆ ನೂರು ಜನ ವಿಮಾನದಿಂದ ಹಾರಬೇಕು. ಆ ನೂರರಲ್ಲಿ ದುಡ್ಡು ಖರ್ಚು ಮಾಡಿದವರು ಎಲ್ಲೋ ಕೆಲವರು. ಉಳಿದವರನ್ನ ತೆಗೆದುಬಿಟ್ಟರೆ ಆ ಕೆಲವರು ಲಾಬಿಯಲ್ಲಿ ಎದುರಾಳಿಗಾಗಿ ಕಾಯ್ತಾ ಕೂರಬೇಕು. ಅದೂ ಇರಲಿ, ಕಂಪನಿ ಅಲ್ಲಿ ಮಾರೋದಾದ್ರೂ ಏನನ್ನ? ಬಂದೂಕಿಗೆ ಬಣ್ಣ, ಮೈಗೆ ಬಟ್ಟೆ. ಆಟದ ಭಾಷೆಯಲ್ಲಿ ಸ್ಕಿನ್. ಎಲ್ಲರ ಹತ್ರಾನೂ ಅದೇ ಬಟ್ಟೆ ಇದ್ದರೆ ಯಾರು ದುಡ್ಡು ಕೊಟ್ಟು ಕೊಳ್ತಾರೆ? ಅದಿಲ್ಲದವರು ನೋಡ್ತಾರೆ ಅನ್ನೋದಕ್ಕೇ ಅದಕ್ಕೆ ಬೆಲೆ. ಪುಕ್ಕಟೆ ಆಡುವವನು ಎದುರಾಳಿಯೂ ಹೌದು, ಜೊತೆಗಾರನೂ ಹೌದು, ಪ್ರೇಕ್ಷಕನೂ ಹೌದು. ದುಡ್ಡು ಕೊಟ್ಟವನು ಕೊಂಡ ಸರಕಿನಲ್ಲಿ ಅರ್ಧ ಭಾಗ ಇವನೇ.

ಕರಾವಳಿ ಕಡೆಯವರಿಗೆ ಇದನ್ನ ವಿವರಿಸೋದು ಸುಲಭ. ನಮ್ಮಲ್ಲಿ ಯಕ್ಷಗಾನ ಎರಡು ಥರ ನಡೆಯತ್ತೆ. ಒಂದು ಟೆಂಟಿನ ಆಟ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಹಾಗೆ ಹೆಸರು ಮಾಡಿದವು. ಟಿಕೆಟ್ ತಗೋಬೇಕು, ಒಳಗೆ ಹೋಗಿ ಕೂರಬೇಕು, ಮುಂದಿನ ಸಾಲಿಗೆ ಹೆಚ್ಚು ದುಡ್ಡು. ಇನ್ನೊಂದು ಹರಕೆ ಆಟ, ಬಯಲಾಟ. ಯಾರದೋ ಮನೆಯವರು ಹರಕೆ ಹೊತ್ತಿರ್ತಾರೆ, ಮಂದಾರ್ತಿಗೋ ಕಟೀಲಿಗೋ ವರ್ಷಗಟ್ಟಲೆ ಮುಂಚೆ ಬುಕ್ ಮಾಡಿ ಕಾದಿರ್ತಾರೆ. ಪೂರ್ತಿ ಖರ್ಚು ಆ ಒಂದು ಮನೆಯದ್ದು. ನೋಡೋಕೆ ಇಡೀ ಊರಿಗೆ ಊರೇ ಬರತ್ತೆ, ಪಕ್ಕದೂರಿನವರೂ ಬರ್ತಾರೆ, ಚಾಪೆ ಹಾಸಿ ಕೂರ್ತಾರೆ, ಮಕ್ಕಳು ಅಲ್ಲೇ ಮಲಗ್ತಾರೆ.

ನಾನು ಚಿಕ್ಕವನಿದ್ದಾಗಿಂದ ನೋಡಿದ ಆಟಗಳಲ್ಲಿ ಮುಕ್ಕಾಲು ಪಾಲು ಹೀಗೆ ಪುಕ್ಕಟೆ ನೋಡಿದ್ದು. ಬೆಳಗಾದ ಮೇಲೆ ಹೋಟೆಲಿನಲ್ಲಿ ಚಾ ಕುಡೀತಾ ಆಟದ ವಿಮರ್ಶೆ ನಡೀತಿತ್ತು. ನಿನ್ನೆ ಭಾಗವತರ ಸ್ವರ ಕೂರಲಿಲ್ಲ, ಎರಡನೇ ವೇಷದವನು ಅರ್ಥ ಹೇಳುವಾಗ ಎಳೆದ, ಮದ್ದಳೆ ಮಾತ್ರ ಭರ್ಜರಿ. ಆ ವಿಮರ್ಶಕರಲ್ಲಿ ಒಬ್ಬನೂ ಒಂದು ಪೈಸೆ ಕೊಟ್ಟವನಲ್ಲ. ಆದರೂ "ನೀನು ದುಡ್ಡು ಕೊಟ್ಟಿದ್ಯಾ, ಬಾಯಿ ಮುಚ್ಚು" ಅಂತ ಹರಕೆ ಹೊತ್ತ ಮನೆಯವರು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಹೇಳೋದು ಹಾಗಿರಲಿ, ಜನ ಬರದೇ ಇದ್ರೆ ಅವರಿಗೇ ಬೇಜಾರು. "ನಮ್ಮ ಆಟಕ್ಕೆ ಜನ ಎಷ್ಟು ಸೇರಿದ್ರು" ಅನ್ನೋದೇ ಅವರ ಖುಷಿ. ಕಲಾವಿದರಿಗೂ ಅಷ್ಟೇ, ಆ ಚಾ ಅಂಗಡಿಯ ಮಾತು ಬಹಳ ಮುಖ್ಯ. ಮೇಳದಿಂದ ಮೇಳಕ್ಕೆ ಒಬ್ಬ ವೇಷಧಾರಿಯ ಹೆಸರು ಹೋಗಿದ್ದು ಅಂಥ ಮಾತುಗಳಿಂದಲೇ.

ಪುಕ್ಕಟೆ ಆಡೋಕೆ ಬಿಡುವ ಆನ್‌ಲೈನ್ ಗೇಮು ಮೂಲತಃ ಹರಕೆ ಆಟ. ಕೆಲವರು ಖರ್ಚು ಹೊತ್ತಿದ್ದಾರೆ, ಊರೆಲ್ಲ ಬಂದು ಕೂತಿದೆ, ಊರು ಕೂತಿದ್ದಕ್ಕೇ ಅದು ಆಟ ಆಗಿದೆ. ಕಂಪನಿಗೆ ಹರಕೆ ಇಲ್ಲ, ವ್ಯಾಪಾರ ಇದೆ ಅನ್ನೋದು ವ್ಯತ್ಯಾಸ, ನಿಜ. ಆದರೆ ಆ ವ್ಯತ್ಯಾಸ ನನ್ನ ವಾದವನ್ನ ಇನ್ನೂ ಬಲ ಮಾಡತ್ತೆ. ವ್ಯಾಪಾರಿಯೊಬ್ಬ ಜನರನ್ನ ಗುಂಪು ಸೇರಿಸಿ ಆ ಗುಂಪನ್ನ ತೋರಿಸಿ ಲಾಭ ಮಾಡ್ತಾನೆ ಅಂದ್ಮೇಲೆ, ಆ ಗುಂಪಿಗೆ "ನಿಮ್ಮಿಂದ ನನಗೇನೂ ಬರಲ್ಲ" ಅಂತ ಹೇಳೋದು ಲೆಕ್ಕದಲ್ಲೇ ತಪ್ಪು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯತ್ತೆ. ಪುಕ್ಕಟೆಯವನೂ ಏನೋ ಕೊಡ್ತಾನೆ, ಸರಿ. ಹಾಗಂತ ದುಡ್ಡು ಕೊಟ್ಟವನಿಗೂ ಇವನಿಗೂ ಎಲ್ಲದರಲ್ಲೂ ಸಮಪಾಲಾ? ನನ್ನ ಉತ್ತರ: ಇಲ್ಲ. ಇಲ್ಲಿ ನಾವು ಮೂರು ಬೇರೆ ಬೇರೆ ವಸ್ತುಗಳನ್ನ ಒಂದೇ ಚೀಲಕ್ಕೆ ತುಂಬಿದ್ದೀವಿ. ಸೇವೆ, ಮತ, ಮಾತು. ಚೀಲ ಬಿಚ್ಚಿ ಬೇರೆ ಮಾಡಿದ್ರೆ ಅರ್ಧ ಜಗಳ ಮುಗಿಯತ್ತೆ.

ಸೇವೆಯನ್ನ ಮಾರಬಹುದು. ಸಾಫ್ಟ್‌ವೇರಿನಲ್ಲಿ ಇದು ನಮ್ಮ ದಿನನಿತ್ಯದ ಬದುಕು. ದುಡ್ಡು ಕೊಟ್ಟ ಕಸ್ಟಮರ್ ಟಿಕೆಟ್ ಹಾಕಿದ್ರೆ ಇಷ್ಟು ಗಂಟೆಯೊಳಗೆ ಉತ್ತರ ಕೊಡಲೇಬೇಕು, ಪುಕ್ಕಟೆ ಬಳಸುವವನಿಗೆ ಪುರುಸೊತ್ತಾದಾಗ. ಇದರಲ್ಲಿ ಅನ್ಯಾಯ ಏನೂ ಇಲ್ಲ. ಒಬ್ಬ ಇಂಜಿನಿಯರಿನ ಎರಡು ಗಂಟೆ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಮುಗಿದು ಹೋಗೋ ವಸ್ತುವನ್ನ ಹಂಚುವಾಗ ಬೆಲೆ ಒಂದು ಒಪ್ಪಬಹುದಾದ ಅಳತೆ.

ಮತ ಮಧ್ಯದ್ದು. ರೂನ್‌ಸ್ಕೇಪಿನಲ್ಲಿ ಚಂದಾದಾರರಿಗೆ ಮಾತ್ರ ಮತ ಅಂದ್ರೆ ನಾನು ಜಗಳಕ್ಕೆ ಹೋಗಲ್ಲ. ಅಲ್ಲಿ ಮತ ಕೇಳೋ ಹೊಸ ಜಾಗ, ಹೊಸ ರಾಕ್ಷಸ, ಹೊಸ ಆಯುಧಗಳಲ್ಲಿ ಬಹುಪಾಲು ಚಂದಾದಾರರ ಭಾಗಕ್ಕೇ ಸೇರಿದ್ದು. ಒಂದೇ ರಾತ್ರಿಯಲ್ಲಿ ಸಾವಿರ ಅಕೌಂಟು ಮಾಡಿ ಸಾವಿರ ಮತ ಒತ್ತಬಹುದಾದ ಜಾಗದಲ್ಲಿ ಏನಾದ್ರೂ ಒಂದು ಬೇಲಿ ಬೇಕು. ಆದರೆ ಪುಕ್ಕಟೆಯವರ ಭಾಗವನ್ನೇ ಬದಲಾಯಿಸುವ ವಿಷಯ ಬಂದಾಗ ಅವರನ್ನೂ ಕೇಳೋದು ನ್ಯಾಯ.

ಮಾತು ಬೇರೆಯೇ ಜಾತಿಯ ವಸ್ತು. ನಾನು ಮಾತಾಡಿದ್ರೆ ನಿಮ್ಮ ಮಾತು ಕಮ್ಮಿ ಆಗಲ್ಲ. ಅದಕ್ಕಿಂತ ಮುಖ್ಯವಾಗಿ, ಮಾತಿನ ಬೆಲೆ ಅದರೊಳಗೇ ಇರತ್ತೆ, ಆಡಿದವನ ರಸೀದಿಯಲ್ಲಿ ಇರಲ್ಲ. ಈ ಗೋಡೆಯಲ್ಲಿ ಒಂದು ತೂತಿದೆ, ಇಲ್ಲಿಂದ ಎದುರಾಳಿ ಗುಂಡು ಹಾರಿಸಬಹುದು ಅಂತ ಯಾರೋ ಹೇಳಿದ ಅನ್ಕೊಳ್ಳಿ. ತೂತು ಇದೆಯೋ ಇಲ್ಲವೋ ಹೋಗಿ ನೋಡಿದ್ರೆ ಗೊತ್ತಾಗತ್ತೆ. ಹೇಳಿದವನು ಯಾವ ಪ್ಲ್ಯಾನಿನಲ್ಲಿದ್ದಾನೆ ಅನ್ನೋದರಿಂದ ತೂತು ಮುಚ್ಚಿಕೊಳ್ಳಲ್ಲ. ಇನ್ನು ಕೆಲವು ತೂತುಗಳು ಪುಕ್ಕಟೆಯವನಿಗೆ ಮಾತ್ರ ಕಾಣ್ತವೆ. ಹೊಸಬ ಲಾಗಿನ್ ಆಗುವಾಗ ಎಡವುವ ಮೆಟ್ಟಿಲು, ಮೊದಲ ಹತ್ತು ನಿಮಿಷದಲ್ಲಿ ಅರ್ಥವಾಗದೇ ಹೋಗುವ ನಿಯಮ, ಸಸ್ತಾ ಫೋನಿನಲ್ಲಿ ಬಿಸಿಯಾಗಿ ನಿಂತುಹೋಗುವ ದೃಶ್ಯ. ಹತ್ತು ವರ್ಷದಿಂದ ಚಂದಾ ಕಟ್ಟುತ್ತಿರುವವನು ಆ ಮೆಟ್ಟಿಲು ದಾಟಿ ಎಷ್ಟೋ ಕಾಲವಾಗಿರತ್ತೆ.

ಚಂದಾ ನಿಲ್ಲಿಸಿದವನ ಸಂಗತಿಯೂ ಹೀಗೇ. ಆಟ ಹಾಳಾಯ್ತು ಅಂತ ಬೇಜಾರಾಗಿ ಒಬ್ಬ ಬಿಟ್ಟು ಹೋಗ್ತಾನೆ. ಯಾಕೆ ಬಿಟ್ಟೆ ಅಂತ ಹೇಳೋ ಹಕ್ಕು ಬಿಟ್ಟ ಕ್ಷಣವೇ ಹೋಯ್ತು. ಹಾಗಾದ್ರೆ ಆ ಫೋರಮ್ಮಿನಲ್ಲಿ ಉಳಿಯೋರು ಯಾರು? ಇನ್ನೂ ಬಿಡದೇ ಇರೋರು. ಟೆಂಟಿನೊಳಗೆ ಕೂತವರನ್ನ ಮಾತ್ರ "ಆಟ ಹೇಗಿತ್ತು" ಅಂತ ಕೇಳಿ, ಮಧ್ಯರಾತ್ರಿ ಎದ್ದು ಮನೆಗೆ ಹೋದವರನ್ನ ಕೇಳದೇ ಇದ್ದರೆ, ಯಜಮಾನರಿಗೆ ಆಟ ಯಾವಾಗಲೂ ಚೆನ್ನಾಗೇ ಕಾಣತ್ತೆ, ಟೆಂಟು ಖಾಲಿ ಆಗೋವರೆಗೂ.

ಈಗ ಬದ್ಧತೆಯ ಮಾತಿಗೆ ಬರ್ತೀನಿ. ದುಡ್ಡು ಬದ್ಧತೆಯನ್ನ ಅಳೆಯತ್ತೆ ಅನ್ನೋದು ಎಲ್ಲರ ಜೇಬೂ ಒಂದೇ ಅಳತೆಯದ್ದಾಗಿದ್ರೆ ನಿಜ. ತಿಂಗಳಿಗೆ 15 ಡಾಲರ್ ಅಂದ್ರೆ ಅಮೆರಿಕದ ಫೆಡರಲ್ ಕನಿಷ್ಠ ವೇತನ, ಗಂಟೆಗೆ 7.25 ಡಾಲರ್, ಆ ಲೆಕ್ಕದಲ್ಲಿ ಎರಡು ಗಂಟೆ ಕೆಲಸ. ನಮ್ಮಲ್ಲಿ ಅದೇ ದುಡ್ಡು ಸಾವಿರದ ಇನ್ನೂರು ರೂಪಾಯಿಗೂ ಮೇಲೆ. ಕರ್ನಾಟಕದಲ್ಲಿ 2024-25ರ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ಅಂದ್ರೆ ಮೂರೂವರೆ ದಿನದ ಕೂಲಿ. ಒಂದೇ ಆಟ, ಒಂದೇ ಕಟ್ಟೆ. ಅಲ್ಲಿಯವನು ಎರಡು ಗಂಟೆ ದುಡಿದು ಹತ್ತಬಹುದು, ಇಲ್ಲಿಯವನು ಮೂರೂವರೆ ದಿನ ದುಡೀಬೇಕು. ಇದನ್ನ ಬದ್ಧತೆಯ ಅಳತೆ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

ನನ್ನ ಅಕ್ಕನ ಮಗ ಊರಲ್ಲಿದ್ದಾನೆ, ಪಿಯುಸಿ ಓದ್ತಿದ್ದಾನೆ. ಅವನ ಫೋನು ನನ್ನ ಹಳೇ ಫೋನು. ಒಂದು ಆಟವನ್ನ ಎರಡು ವರ್ಷದಿಂದ ಪುಕ್ಕಟೆ ಆಡ್ತಾ ಇದ್ದಾನೆ, ಆ ಆಟದ ಮೂಲೆ ಮೂಲೆ ಅವನಿಗೆ ಬಾಯಿಪಾಠ. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅವನು ಒಂದು ಬಗ್ ತೋರಿಸಿದ. ನೆಟ್‌ವರ್ಕ್ ಹೋಗಿ ಬಂದರೆ ಆಟದಲ್ಲಿ ಗೆದ್ದ ನಾಣ್ಯ ಮಾಯವಾಗ್ತಿತ್ತು. ಯಾವಾಗ ಆಗತ್ತೆ, ಯಾವಾಗ ಆಗಲ್ಲ ಅಂತ ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಲದ ವಿವರ ಬರೆದಿಟ್ಟಿದ್ದ. ನಮ್ಮ ಟೀಮಿನಲ್ಲಿ ಸಂಬಳ ತಗೊಳ್ಳೋ ಟೆಸ್ಟರುಗಳು ಕೂಡ ಕೆಲವೊಮ್ಮೆ ಅಷ್ಟು ನೀಟಾಗಿ ಬರೆಯಲ್ಲ. ನಮ್ಮೂರಿನಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಗಂಟೆಗೆ ನಾಲ್ಕು ಸಲ ಹೋಗತ್ತೆ. ಈ ಬಗ್ ಬೆಂಗಳೂರಿನ ಫೈಬರ್ ಮೇಲೆ ಕೂತವನಿಗೆ ಜನ್ಮದಲ್ಲಿ ಸಿಗಲ್ಲ. ಅದನ್ನ ಕಂಪನಿಗೆ ತಿಳಿಸೋಣ ಅಂತ ಹೋದ್ರೆ, ಬರೆಯಬೇಕಾದ ಜಾಗದಲ್ಲಿ "ಬರೆಯಲು ಪ್ರೀಮಿಯಂ ಸದಸ್ಯರಾಗಿ" ಅನ್ನೋ ಬಟನ್. ಅವನು ನಕ್ಕು ಹೇಳಿದ: "ಮಾವಾ, ಆಡೂಕೆ ಬಿಡ್ತ್ರ್, ಹೇಳೂಕೆ ಬಿಡುದಿಲ್ಲ."

ಅವನಿಗೆ ನಾನು ದುಡ್ಡು ಕಟ್ಟಿ ಕೊಡಬಹುದಿತ್ತು. ಅದು ದೊಡ್ಡ ಮೊತ್ತ ಏನಲ್ಲ. ಆದರೆ ಮಾವ ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರೋ ಹುಡುಗನಿಗೆ ಮಾತ್ರ ಬಾಯಿ ಸಿಗೋದಾದ್ರೆ, ಅವನ ಪಕ್ಕದ ಮನೆಯ ಹುಡುಗನ ನೋಟ್‌ಬುಕ್ ಏನಾಗಬೇಕು?

ಇನ್ನು ಉಳಿದಿದ್ದು ಕಸ ಮತ್ತು ಠೇವಣಿಯ ಪ್ರಶ್ನೆ. ಇದು ಸುಳ್ಳಲ್ಲ. ಬಾಗಿಲು ಪೂರ್ತಿ ತೆರೆದಿಟ್ಟ ಕಟ್ಟೆಯಲ್ಲಿ ಸಭ್ಯರು ಮೊದಲು ಎದ್ದು ಹೋಗ್ತಾರೆ, ಕೂಗಾಡೋರು ಉಳೀತಾರೆ. ಹಾಗಾಗಿ ಬೇಲಿ ಬೇಕು. ಆದರೆ ಠೇವಣಿಯನ್ನ ದುಡ್ಡಲ್ಲೇ ಕೇಳಬೇಕು ಅಂತ ಏನಿಲ್ಲ, ಸಮಯದಲ್ಲಿ ಕೇಳಬಹುದು. ಡಿಸ್ಕೋರ್ಸ್ ಅನ್ನೋ ಫೋರಂ ಸಾಫ್ಟ್‌ವೇರಿನಲ್ಲಿ ಇದಕ್ಕೊಂದು ಒಳ್ಳೆ ವ್ಯವಸ್ಥೆ ಇದೆ. ಹೊಸಬನಿಗೆ ಮೊದಲು ಕೈ ಸ್ವಲ್ಪ ಕಟ್ಟಿರತ್ತೆ, ಲಿಂಕು, ಚಿತ್ರ ಹೆಚ್ಚು ಹಾಕೋಕೆ ಬಿಡಲ್ಲ. ಅವನು ಐದು ಚರ್ಚೆಗಳೊಳಗೆ ಹೋಗಿ, ಮೂವತ್ತು ಪೋಸ್ಟ್ ಓದಿ, ಒಟ್ಟು ಹತ್ತು ನಿಮಿಷ ಓದುತ್ತಾ ಕಳೆದರೆ ಮುಂದಿನ ಹಂತಕ್ಕೆ ಏರ್ತಾನೆ. ಅಲ್ಲಿಂದ ಮುಂದೆ ಇನ್ನೂ ಹಂತಗಳಿವೆ. ಮಾತಾಡೋಕೆ ಮುಂಚೆ ಸ್ವಲ್ಪ ಕೇಳಿಸಿಕೋ ಅನ್ನೋದು ಶುಲ್ಕ. ವಾರ್‌ಕ್ರಾಫ್ಟಿನ ಫೋರಂ ಕೂಡ ಆಮೇಲೆ ಇದೇ ಸಾಫ್ಟ್‌ವೇರಿಗೆ ಬಂತು ಅನ್ನೋದು ತಮಾಷೆ. ಸಮಯದ ಬೇಲಿ ಅವರ ಕೈಯಲ್ಲೇ ಇತ್ತು.

ಆಟಗಳಿಗಂತೂ ಇದು ಇನ್ನೂ ಸುಲಭ. ಇಂಥ ಅಕೌಂಟು ಎಷ್ಟು ಗಂಟೆ ಆಡಿದೆ ಅನ್ನೋದು ಕಂಪನಿಗೆ ಗೊತ್ತು. ಇಪ್ಪತ್ತು ಗಂಟೆ ಆಡಿದವನಿಗೆ ಕಟ್ಟೆ ಅಂತ ನಿಯಮ ಮಾಡಿದರೆ, ಬ್ಯಾನ್ ಆದವನು ಹೊಸ ಹೆಸರಲ್ಲಿ ಬರೋಕೆ ಮತ್ತೆ ಇಪ್ಪತ್ತು ಗಂಟೆ ಬೆವರು ಸುರಿಸಬೇಕು. ಸ್ಟೀಮಿನಲ್ಲಿ ವಿಮರ್ಶೆ ಬರೆದವನ ಹೆಸರಿನ ಜೊತೆ ಅವನು ಎಷ್ಟು ಗಂಟೆ ಆಡಿದ್ದಾನೆ ಅಂತ ತೋರಿಸ್ತಾರೆ. ಮೂರು ಗಂಟೆ ಆಡಿ ಬೈದವನನ್ನೂ, ಎಂಟುನೂರು ಗಂಟೆ ಆಡಿ ಬೈದವನನ್ನೂ ಓದುವವರೇ ತೂಗಿ ನೋಡ್ತಾರೆ. ಬಾಟ್‌ಗಳು ಗಂಟೆಗಟ್ಟಲೆ ಆಡ್ತವೆ ಅಂತ ನೀವು ಹೇಳಬಹುದು. ಹೌದು, ಆಡ್ತವೆ, ಕದ್ದ ಕಾರ್ಡಿನಲ್ಲಿ ಚಂದಾನೂ ಕಟ್ತವೆ. ಯಾವ ಬೇಲಿಯೂ ನೂರಕ್ಕೆ ನೂರು ಅಲ್ಲ. ಎರಡೂ ಬೇಲಿ ಸೋರೋದೇ ಆದ್ರೆ, ಬಡವನನ್ನ ಹೊರಗಿಡದ ಬೇಲಿಯನ್ನ ಆರಿಸೋಣ ಅನ್ನೋದು ನನ್ನ ವಾದ.

ಹಾಗಂತ ದುಡ್ಡು ಕೊಟ್ಟವರಿಗಷ್ಟೇ ಅಂತ ಇರೋ ಕಟ್ಟೆಗಳೆಲ್ಲ ತಪ್ಪು ಅಂತ ನಾನು ಹೇಳಲ್ಲ. ಮೆಟಾಫಿಲ್ಟರ್ ಅನ್ನೋ ಹಳೇ ತಾಣದಲ್ಲಿ ಸದಸ್ಯರಾಗೋಕೆ ಒಂದೇ ಸಲ 5 ಡಾಲರ್ ಕೊಡಬೇಕು. ಅದರಿಂದ ಅಲ್ಲಿಯ ಚರ್ಚೆ ಸಭ್ಯವಾಗಿ ಉಳೀತು ಅಂತ ಹೇಳುವವರಿದ್ದಾರೆ, ಇರಬಹುದು. ಟಿಕೆಟ್ ಇಲ್ಲದೆ ಒಳಗೇ ಬಿಡದ ಆಟವೊಂದು ತನ್ನ ಟಿಕೆಟಿನವರಿಗೆ ಮಾತ್ರ ಕಟ್ಟೆ ಕಟ್ಟಿದ್ರೂ ಸರಿಯೇ. ಅಲ್ಲಿ ಯಾರನ್ನೂ ಕರೆದು ಬಾಯಿಗೆ ಬಟ್ಟೆ ತುರುಕಿಲ್ಲ. ನನ್ನ ತಕರಾರು ಕರೆದವರ ಮೇಲೆ. ಆಡೋಕೆ ಕರೆದಿದ್ದೀರಿ, ಅವರ ಗಂಟೆಗಳನ್ನ ತಗೊಂಡಿದ್ದೀರಿ, ಅವರ ಸಂಖ್ಯೆ ತೋರಿಸಿ ಹೂಡಿಕೆದಾರರಿಂದ ದುಡ್ಡು ಎತ್ತಿದ್ದೀರಿ. ಆಮೇಲೆ ಅವರು ಮಾತಾಡೋಕೆ ಬಂದಾಗ ರಸೀದಿ ಕೇಳ್ತೀರಿ.

ಈಗ ಅಪಾರ್ಟ್‌ಮೆಂಟಿಗೂ ಟ್ಯಾಕ್ಸಿಗೂ ಬರೋಣ. ಶುರುವಿನಲ್ಲಿ ಹೆಸರು ಎತ್ತಿದ್ದೇ ಅದಕ್ಕೆ.

ನಾನು ಬಾಡಿಗೆಗಿರೋನು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಸಂಘ ಅಂದ್ರೆ ಮಾಲೀಕರ ಸಂಘ. ಲಿಫ್ಟ್ ಬದಲಾಯಿಸೋಕೆ ಹತ್ತಾರು ಲಕ್ಷ ಹಾಕಬೇಕಾ ಅನ್ನೋ ಪ್ರಶ್ನೆಗೆ ಅವರೇ ಮತ ಹಾಕಲಿ, ನನ್ನ ಅಭ್ಯಂತರ ಇಲ್ಲ. ಆದರೆ ಮೂರನೇ ಮಹಡಿಯಲ್ಲಿ ಲಿಫ್ಟ್ ನಿಂತುಹೋದಾಗ ಒಳಗೆ ಸಿಕ್ಕಿಕೊಂಡಿದ್ದು ನಾನು, ದುಬೈನಲ್ಲಿರೋ ನನ್ನ ಓನರ್ ಅಲ್ಲ. ಅದನ್ನ ಹೇಳೋಕೆ ಹೋದಾಗ "ಓನರ್ಸ್ ಮಾತ್ರ ಮಾತಾಡಿ" ಅಂದ್ರು. ಅಲ್ಲೂ ಅದೇ ಗೊಂದಲ, ಮತವನ್ನೂ ಮಾತನ್ನೂ ಒಂದೇ ಚೀಲಕ್ಕೆ ತುಂಬಿದ್ದು. ಬಾಡಿಗೆಯವನಿಗೆ ಮತ ಬೇಡ ಅಂದ್ರೆ ಬೇಡ. ಲಿಫ್ಟ್ ಹೇಗೆ ಕೆಟ್ಟಿದೆ ಅನ್ನೋದು ಅವನಿಗೇ ಗೊತ್ತಿದ್ದಾಗ ಅವನ ಬಾಯಿ ಮುಚ್ಚಿಸಿ ಯಾರಿಗೆ ಲಾಭ?

ದೇಶದ ವಿಷಯಕ್ಕೆ ಬಂದ್ರೆ ಮತವೂ ಮಾತೂ ಎರಡೂ ಎಲ್ಲರದ್ದು. ಬ್ರಿಟಿಷರ ಕಾಲದಲ್ಲಿ ಹಾಗಿರಲಿಲ್ಲ. ಆಸ್ತಿ ಇದ್ದವನು, ತೆರಿಗೆ ಕಟ್ಟಿದವನು, ಇಷ್ಟು ಓದಿದವನು ಅಂತ ಅಳತೆ ಇಟ್ಟು ಮತ ಕೊಡ್ತಿದ್ರು, ಬಹುಪಾಲು ಜನ ಹೊರಗಿದ್ರು. ಸಂವಿಧಾನ ಬಂದ ಮೇಲೆ 326ನೇ ವಿಧಿ ಆ ಅಳತೆಗೋಲನ್ನೇ ಕಿತ್ತು ಬಿಸಾಕಿತು. 1951-52ರ ಮೊದಲ ಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು, ಅವರಲ್ಲಿ ಬಹಳಷ್ಟು ಜನಕ್ಕೆ ಓದು ಬರಹ ಇರಲಿಲ್ಲ. ದೇಶವನ್ನ ಬೇಡ ಅಂತ ಬಿಟ್ಟು ಇನ್ನೊಂದು ಆಟಕ್ಕೆ ಹೋಗೋಕೆ ಆಗಲ್ಲ, ಗೇಮಿಗೂ ದೇಶಕ್ಕೂ ಇರೋ ದೊಡ್ಡ ವ್ಯತ್ಯಾಸ ಇದು. ಅದಕ್ಕೇ ಅಲ್ಲಿ ಮತವೂ ಎಲ್ಲರಿಗೂ ಬೇಕು. ಹಾಗಿದ್ರೂ ಫಾರ್ಮ್-16 ಕೈಗೆ ಬಂದ ದಿನ ನಮ್ಮ ಟೇಬಲ್ಲಿನಲ್ಲಿ ಹಳೇ ಅಳತೆಗೋಲು ಮತ್ತೆ ಹೊರಗೆ ಬರತ್ತೆ. ಸೋಪಿಗೂ ಬಿಸ್ಕೆಟ್ಟಿಗೂ ಫೋನ್ ರೀಚಾರ್ಜಿಗೂ ಜಿಎಸ್‌ಟಿ ಕಟ್ಟುವ ಸೆಕ್ಯೂರಿಟಿ ಗಾರ್ಡು, ನಮ್ಮ ಕಣ್ಣಲ್ಲಿ 'ಟ್ಯಾಕ್ಸ್ ಕಟ್ಟದವನು'. ಗೇಮಿನಲ್ಲಿ ಪುಕ್ಕಟೆ ಆಡುವವನ ಗಂಟೆಗಳು ಲೆಕ್ಕಕ್ಕೆ ಬರಲ್ವಲ್ಲ, ಹಾಗೇ ಇವನ ಜಿಎಸ್‌ಟಿ ಕೂಡ.

ಕೊನೆಗೆ ಒಂದು ಕಷ್ಟ ಹಾಗೇ ಉಳಿಯತ್ತೆ, ಅದನ್ನ ಮುಚ್ಚಿಡಲ್ಲ. ಎಲ್ಲರಿಗೂ ಕಟ್ಟೆ ತೆರೆದ್ರೆ ಕಸ ಗುಡಿಸೋರ ಸಂಬಳ ಯಾರು ಕೊಡ್ತಾರೆ? ದುಡ್ಡು ಕಟ್ಟುವವರೇ ಕೊಡ್ತಾರೆ. ಅವರಿಗೆ ಅದು ಭಾರ ಅನ್ನಿಸಬಹುದು, ಅನ್ನಿಸೋದು ಸಹಜ. ಅವರಿಗೆ ಬದಲಿಗೆ ಏನಾದ್ರೂ ಸಿಗಲೇಬೇಕು. ಬೇಗ ಉತ್ತರ ಸಿಗಲಿ, ಹೆಚ್ಚು ಆಟ ಸಿಗಲಿ, ಚಂದದ ಬಟ್ಟೆ ಸಿಗಲಿ, ಹೆಸರಿನ ಪಕ್ಕ ಒಂದು ರೆಕ್ಕೆ ಸಿಗಲಿ, ಹಳೇ ಗಿರಾಕಿ ಅಂತ ತೋರಿಸೋಕೆ ಒಂದು ಟೋಪಿ ಸಿಗಲಿ. ಇವೆಲ್ಲ ಅವರಿಗೆ ಸಲ್ಲಬೇಕಾದ ಗೌರವ, ನಾನೂ ಎರಡು ಆಟಗಳಿಗೆ ದುಡ್ಡು ಕಟ್ಟುವವನೇ. ಆದರೆ ನಾನು ಕಟ್ಟಿದ ದುಡ್ಡಿಗೆ ಇನ್ನೊಬ್ಬನ ಮೌನವನ್ನೂ ಸೇರಿಸಿ ಕೊಡಿ ಅಂತ ನಾನು ಕೇಳಿಲ್ಲ. ಕಂಪನಿ ಅದನ್ನ ನನ್ನ ಹೆಸರಲ್ಲಿ ಕೊಡೋಕೆ ಬಂದ್ರೆ ನನಗದು ಬೇಡ.